ಲೆಕ್ಕ ಕೊಡಲಿ ಧಣಿಗಳು

ನಮ್ಮ ಸೀಮೆಯಲ್ಲಿ ಹೊಗೆಸೊಪ್ಪಿಗೆ ಕಿಲೋ ಕಿಲೋ ಲೆಕ್ಕವುಂಟು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳಲ್ಲಿ ಯಾರು ಬೆಳೆಯಬೇಕು, ಎಷ್ಟು ಮಾರಬೇಕೆಂಬುದು ತಂಬಾಕು ಮಂಡಳಿಯ ದಫ್ತರದಲ್ಲಿದೆ. ಆದರೆ ಸೊಪ್ಪು ಮುರಿದವರು, ಕಡ್ಡಿಗೆ ಕಟ್ಟಿದವರು, ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿ ಕಾಯ್ದವರು ಎಷ್ಟು ಮಂದಿ? ಹೆಂಗಸರೆಷ್ಟು? ಹಾಡಿಯಿಂದ ಬಂದ ಜೇನುಕುರುಬರೆಷ್ಟು? ಸರಕಿಗೆ ಲೆಕ್ಕವುಂಟು, ಆಳಿಗಿಲ್ಲ.

ಕಾನೂನು ಇರಲಿಲ್ಲವೆಂದಲ್ಲ. 1959ರ ಶಾಸನದಂತೆ 25 ಮಂದಿ ಅಥವಾ ಹೆಚ್ಚು ಜನರನ್ನಿಟ್ಟುಕೊಂಡ ಖಾಸಗಿ ಧಣಿ, ಗಂಡಸರೆಷ್ಟು, ಹೆಂಗಸರೆಷ್ಟು, ಖಾಲಿ ಜಾಗವೆಷ್ಟು ಎಂದು ಮೂರು ತಿಂಗಳಿಗೊಮ್ಮೆ ಉದ್ಯೋಗ ವಿನಿಮಯ ಕಚೇರಿಗೆ ತಖ್ತೆ ಕಳುಹಿಸಬೇಕಿತ್ತು. ತಪ್ಪಿದರೆ? ಮೊದಲ ಸಲ ಹೆಚ್ಚೆಂದರೆ 250 ರೂಪಾಯಿ ಜುಲ್ಮಾನೆ, ಮತ್ತೆ ತಪ್ಪಿದರೆ 500. ಅರವತ್ತು ವರ್ಷ ಅದೇ ದರವಿದ್ದರೆ ಯಾವ ಧಣಿ ಅಂಜುತ್ತಾನೆ? 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಆ ಜಾಗಕ್ಕೆ ಬಂದಿದೆ. ಮಿತಿ 20ಕ್ಕೆ ಇಳಿದಿದೆ. ಹೊಲದ ಕೂಲಿ ಅಂದೂ ಹೊರಗೆ, ಇಂದೂ ಹೊರಗೆ.

ಲೆಕ್ಕವಿಲ್ಲದ ಫಲವನ್ನು ನಾವು ಕಂಡಿದ್ದೇವೆ. 2024ರ ಜುಲೈಯಲ್ಲಿ ಖಾಸಗಿ ಉದ್ಯಮದ ಕೆಳ ಹುದ್ದೆಗಳಲ್ಲಿ ನೂರಕ್ಕೆ 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಮಂತ್ರಿಮಂಡಲ ಒಪ್ಪಿತು. ಉದ್ಯಮಿಗಳು ಗದ್ದಲವೆಬ್ಬಿಸಿದರು. ಎರಡೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಯಾವ ಕಾರ್ಖಾನೆಯಲ್ಲಿ ಯಾರಿದ್ದಾರೆಂಬ ಪಟ್ಟಿಯನ್ನು ಜನರ ಮುಂದಿಟ್ಟಿದ್ದರೆ ಇಷ್ಟು ಬೇಗ ಹಿಂದೆಗೆಯುವುದು ಸುಲಭವಿತ್ತೇ?

ಜಾತಿ ಕೇಳಿದರೆ ಕಾರ್ಮಿಕರ ಒಗ್ಗಟ್ಟು ಒಡೆಯುತ್ತದೆಂದು ಕೆಲವು ಸಂಗಾತಿಗಳ ಶಂಕೆ. ಒಡಕು ಆಗಲೇ ಇದೆ. ಕುರ್ಚಿಯ ಕೆಲಸ ಯಾರಿಗೆ, ಕಸದ ಕೆಲಸ ಯಾರಿಗೆ ಎಂಬುದು ಕಣ್ಣಿಗೆ ಕಾಣುತ್ತದೆ. ಕಾಗದಕ್ಕೆ ಮಾತ್ರ ಬಂದಿಲ್ಲ. ಹಿಂದುಳಿದವರಿಗೆ, ದಲಿತರಿಗೆ, ಆದಿವಾಸಿಗಳಿಗೆ, ಹೆಂಗಸರಿಗೆ ನೂರಕ್ಕೆ 60 ಜಾಗ ಬೇಕೆಂದು ಲೋಹಿಯಾ ಕೇಳಿದರು. ನೂರು ಯಾವುದೆಂದೇ ತಿಳಿಯದೆ ಅರವತ್ತನ್ನು ಕೇಳುವುದು ಹೇಗೆ?

ಒಂದು ಬ್ಯಾರನ್ನಿನ ಸಾಲಗಾರ ರೈತನ ಮೇಲೆ ಈ ಹೊರೆ ಹೊರಿಸಿರೆಂದು ನಾವು ಹೇಳುವುದಿಲ್ಲ. ಅಲ್ಲಿಯ ಆಳುಗಳನ್ನು ಗ್ರಾಮ ಪಂಚಾಯಿತಿ ಬರೆದುಕೊಳ್ಳಲಿ. ಗಿರಣಿ, ಕಾರ್ಖಾನೆ, ಕೊಡಗಿನ ದೊಡ್ಡ ಎಸ್ಟೇಟುಗಳ ಧಣಿಗಳು ಮಾತ್ರ ತಾವೇ ಲೆಕ್ಕ ಕೊಡಬೇಕು. ಮೇಸ್ತ್ರಿ ಕರೆತಂದವರೂ ಆ ಲೆಕ್ಕಕ್ಕೆ ಸೇರಬೇಕು. ಹೆಂಗಸರು, ಪರಿಶಿಷ್ಟರು, ಆದಿವಾಸಿಗಳು ಎಷ್ಟೆಂಬುದು ಕನ್ನಡದಲ್ಲಿ ಗೇಟಿನ ಮೇಲೆ ಅಂಟಬೇಕು. ಒಂದು ಪ್ರತಿ ಸಂಘಕ್ಕೆ ಬರಬೇಕು. ಕೊಡದವನಿಗೆ ಸರ್ಕಾರದ ರಿಯಾಯಿತಿ ನಿಲ್ಲಬೇಕು.

ಶಾಲೆಯ ಹಾಜರಿಯಲ್ಲಿ ಹೆಸರಿಲ್ಲದ ಹುಡುಗನಿಗೆ ಪರೀಕ್ಷೆಯೂ ಇಲ್ಲ, ಪಾಸೂ ಇಲ್ಲ. ದುಡಿಯುವವನ ಗತಿಯೂ ಅದೇ. ಸರ್ಕಾರ ಬರೆಯುವವರೆಗೆ ಕಾಯುವುದು ಬೇಡ. ಊರೂರಿನ ನಮ್ಮ ಶಾಖೆಗಳು ಈ ಸುಗ್ಗಿಯಿಂದಲೇ ಪುಸ್ತಕ ತೆರೆಯಲಿ.