ಕಂಠ ತಿದ್ದುವ ವಿದ್ಯೆ ಬಡವರಿಗೂ ಸಿಗಲಿ

‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎಂಬ ಗಾದೆ ನಮ್ಮಲ್ಲಿದೆ. ಆದರೆ ಬಾಯಿದ್ದೂ ಬಾಯಿ ತೆರೆಯಲು ಹೆದರುವ ಜನ ನಮ್ಮ ನಡುವೆಯೇ ಇದ್ದಾರೆ. ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಈಗ ಹೆಣ್ಣಾಗಿ ಬಾಳುತ್ತಿರುವವರು. ಹೆಣ್ಣೆಂದು ಬರೆಸಿಕೊಂಡು ಗಂಡಾಗಿ ಬಾಳುತ್ತಿರುವವರು. ಈ ಎರಡು ಪಟ್ಟಿಗೂ ತಾವು ಸೇರಿದವರಲ್ಲ ಎನ್ನುವವರು. ಅಂಥ ಒಬ್ಬಾಕೆ ಸೀರೆಯುಟ್ಟು ಅಂಗಡಿಯ ಮುಂದೆ ನಿಂತಾಗ ಯಾರೂ ತಿರುಗಿ ನೋಡುವುದಿಲ್ಲ. ‘ಅರ್ಧ ಕಿಲೋ ಸಕ್ಕರೆ ಕೊಡಿ’ ಎಂದೊಡನೆ ನಿಂತವರೆಲ್ಲ ಕತ್ತು ಹೊರಳಿಸುತ್ತಾರೆ. ಒಬ್ಬ ನಗುತ್ತಾನೆ, ಇನ್ನೊಬ್ಬ ಕೆಣಕುತ್ತಾನೆ. ಆ ಗಳಿಗೆಯಿಂದ ಆಕೆಯ ಬಾಡಿಗೆ ಮನೆ, ಕೂಲಿ, ಕೆಲವೊಮ್ಮೆ ಜೀವವೇ ಅಪಾಯಕ್ಕೆ ಸಿಕ್ಕುತ್ತದೆ.

ಇವರು ಎಲ್ಲೋ ನಾಲ್ಕು ಮಂದಿ ಎಂದು ತಳ್ಳಿಹಾಕುವಂತಿಲ್ಲ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡನ್ನೂ ಬಿಟ್ಟು ‘ಇತರೆ’ ಎಂದು ಬರೆಸಿದವರು ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266. ಹೆದರಿ ಬರೆಸದೆ ಉಳಿದವರು ಈ ಲೆಕ್ಕದ ಹೊರಗಿದ್ದಾರೆ.

ದನಿಯ ಕಷ್ಟ ಎಲ್ಲಿಂದ ಬರುತ್ತದೆಂದು ಮೊದಲು ತಿಳಿಯೋಣ. ಶಾಲೆಯಲ್ಲಿ ಪಾಠ ಹೇಳಿದ ಯಾರಿಗಾದರೂ ಗೊತ್ತು: ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹುಡುಗರ ಕಂಠ ಒಡೆಯುತ್ತದೆ. ಗಂಡಸಿನ ದೇಹದಲ್ಲಿ ಹರಿಯುವ ರಸವು ಗಂಟಲಿನ ಸ್ವರತಂತುಗಳನ್ನು ದಪ್ಪ ಮಾಡಿ ಉದ್ದ ಮಾಡುತ್ತದೆ. ಸಾಧಾರಣವಾಗಿ ಗಂಡಸು ಮಾತನಾಡುವಾಗ ಈ ತಂತುಗಳು ಸೆಕೆಂಡಿಗೆ 100ರಿಂದ 130 ಸಲ ಕಂಪಿಸಿದರೆ, ಹೆಂಗಸು ಮಾತನಾಡುವಾಗ 180ರಿಂದ 220 ಸಲ ಕಂಪಿಸುತ್ತವೆ. ಹೆಣ್ಣಾಗಿ ಬಾಳುವವರು ಮುಂದೆ ಹೆಣ್ಣಿನ ರಸದ ಔಷಧ ತೆಗೆದುಕೊಂಡರೂ ಒಮ್ಮೆ ದಪ್ಪವಾದ ತಂತು ಮತ್ತೆ ತೆಳುವಾಗುವುದಿಲ್ಲ. ಗಂಡಾಗಿ ಬಾಳುವವರ ವಿಷಯ ಬೇರೆ. ಗಂಡಿನ ರಸದ ಔಷಧದಿಂದ ಕೆಲವು ತಿಂಗಳಲ್ಲಿ ದನಿ ತಾನಾಗಿ ಇಳಿಯುತ್ತದೆ. ಆದರೂ ಹೊಸ ದನಿಯನ್ನು ಗಂಟಲಿಗೆ ನೋವಾಗದಂತೆ ಬಳಸುವುದನ್ನು ಹಲವರು ಕಲಿಯಬೇಕಾಗುತ್ತದೆ.

ಹೀಗೆ ಔಷಧ ಮಾಡಲಾರದ ಕೆಲಸವನ್ನು ಅಭ್ಯಾಸ ಮಾಡಬಲ್ಲದು. ಶ್ರುತಿ ಏರಿಸುವುದು ಇದರ ಒಂದು ಪಾಲು ಮಾತ್ರ. ಒಂದೇ ಶ್ರುತಿ ಹಿಡಿದರೂ ಕೊಳಲಿನ ನಾದ ಬೇರೆ, ನಾಗಸ್ವರದ ನಾದ ಬೇರೆ. ಹಾಗೆಯೇ ನಾಲಗೆ, ತುಟಿ, ಗಂಟಲುಗಳನ್ನು ಇರಿಸಿಕೊಳ್ಳುವ ರೀತಿಯಿಂದ ದನಿಯ ಬಣ್ಣ ಬದಲಾಗುತ್ತದೆ. ಕಲಿಸುವವರು ಬಾಯಿ ಮುಚ್ಚಿ ಹೂಂಕಾರ ಮಾಡಿಸುತ್ತಾರೆ. ನೀರಿನ ಲೋಟಕ್ಕೆ ಕೊಳವೆಯಿಟ್ಟು ಊದುತ್ತ ನಾದ ಹೊರಡಿಸಲು ಹೇಳುತ್ತಾರೆ. ಆಮೇಲೆ ಒಂದೊಂದು ಪದ, ಒಂದೊಂದು ವಾಕ್ಯ. ನಗುವುದು, ಕೆಮ್ಮುವುದನ್ನೂ ಹೊಸದಾಗಿ ಕಲಿಯಬೇಕು. ದಿನವೂ ಸ್ವಲ್ಪ ಹೊತ್ತಿನಂತೆ ಹಲವು ತಿಂಗಳು ಸಾಧನೆ ಬೇಕು. ಗುರುವಿಲ್ಲದೆ ಬಲವಂತವಾಗಿ ಕೀರಲು ದನಿ ಎಳೆದರೆ ಗಂಟಲು ಕಟ್ಟಿ ಇದ್ದ ದನಿಯೂ ಕೆಡುತ್ತದೆ. ತಂತುಗಳನ್ನು ಹೊಲಿದು ಗಿಡ್ಡ ಮಾಡುವ ಶಸ್ತ್ರಚಿಕಿತ್ಸೆಯೂ ಉಂಟು. ಅದಕ್ಕೆ ದುಡ್ಡು ಹೆಚ್ಚು, ದನಿಯ ಬಲ ಕುಗ್ಗುವ ಭಯವೂ ಇದೆ. ಮಾಡಿಸಿಕೊಂಡ ಮೇಲೂ ಅಭ್ಯಾಸ ತಪ್ಪುವುದಿಲ್ಲ.

ಕಂಠ ತಿದ್ದುವುದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888–1967) ಹೆಣ್ಣಿನ ಪಾತ್ರದಲ್ಲಿ ಹಾಡಿಯೇ ಹೆಸರಾದರು. ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿ ಹೆಣ್ಣಿನ ದನಿಯಲ್ಲಿ ಅರ್ಥ ಹೇಳಿದರೆ ಬೆಳಗಿನ ತನಕ ಕುಳಿತು ಕೇಳುತ್ತೇವೆ, ತಲೆದೂಗುತ್ತೇವೆ. ನಟನಿಗೆ ಅದು ವೇಷ, ಆಟ ಮುಗಿದರೆ ಕಳಚಿಡಬಹುದು. ಇವರಿಗೆ ಅದು ಬಾಳು. ವೇಷಕ್ಕೆ ಚಪ್ಪಾಳೆ ತಟ್ಟುವ ಕೈ ಬಾಳಿಗೆ ಕಲ್ಲು ಎಸೆಯುವುದು ಯಾವ ನ್ಯಾಯ?

‘ಹೊಟ್ಟೆಗಿಲ್ಲದವರ ದೇಶದಲ್ಲಿ ದನಿ ತಿದ್ದುವ ಷೋಕಿ ಏಕೆ?’ ಎಂದು ಕೆಲವರು ಕೇಳಬಹುದು. ಹೊಟ್ಟೆಯ ಪ್ರಶ್ನೆಯೇ ಇದು. ಇಂದು ಕೆಲಸ ಕೇಳುವುದು ಫೋನಿನಲ್ಲಿ, ಮನೆ ವಿಚಾರಿಸುವುದು ಫೋನಿನಲ್ಲಿ, ಬ್ಯಾಂಕಿನವರು ‘ಈ ಖಾತೆ ನಿಮ್ಮದೇನಾ?’ ಎಂದು ಅನುಮಾನಿಸುವುದೂ ಫೋನಿನಲ್ಲೇ. ದನಿ ಕೇಳಿದೊಡನೆ ಬಾಗಿಲು ಮುಚ್ಚಿದರೆ ಉಳಿಯುವುದು ಭಿಕ್ಷೆ, ಇಲ್ಲವೆ ಮೈ ಮಾರುವ ದಾರಿ. ಅವರನ್ನು ಆ ದಾರಿಗೆ ನೂಕಿ, ಆಮೇಲೆ ಅದೇ ಕಾರಣಕ್ಕೆ ಹೀಗಳೆಯುವವರೂ ನಾವೇ. ಉಳ್ಳವರ ಮನೆಯ ಮಗುವಾದರೆ ಪಟ್ಟಣದಲ್ಲಿ ಗಂಟೆಗಿಷ್ಟೆಂದು ಶುಲ್ಕ ತೆತ್ತು ಕಲಿಯುತ್ತದೆ. ದಿನಗೂಲಿಯವರು ಎಲ್ಲಿಗೆ ಹೋಗಬೇಕು?

ಕಾಗದದ ಮೇಲೆ ಹಕ್ಕುಗಳು ಬಂದಿವೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಇವರ ಗುರುತನ್ನು ಎತ್ತಿಹಿಡಿಯಿತು. 2019ರಲ್ಲಿ ಸಂಸತ್ತು ಮಾಡಿದ ಕಾಯಿದೆಯು ಶಸ್ತ್ರಚಿಕಿತ್ಸೆ, ರಸೌಷಧ, ಲೇಸರ್ ಚಿಕಿತ್ಸೆಗಳನ್ನು ಹೆಸರಿಸಿತು. ದನಿಯ ತರಬೇತಿಯನ್ನು ಹೆಸರಿಸದೆ ‘ಇತರ ಆರೋಗ್ಯ ವಿಷಯ’ಗಳ ಗಂಟಿಗೆ ಬಿಟ್ಟಿತು. 2021ರಲ್ಲಿ ಕರ್ನಾಟಕವು ಸರ್ಕಾರಿ ನೌಕರಿಯಲ್ಲಿ ನೂರಕ್ಕೆ ಒಂದರಂತೆ ಮೀಸಲಾತಿ ಕೊಟ್ಟು ದೇಶಕ್ಕೇ ಮೊದಲಾಯಿತು. ಒಳ್ಳೆಯದೇ. ಆದರೆ ಕುರ್ಚಿ ಕೊಟ್ಟು, ಅದರಲ್ಲಿ ಕುಳಿತು ನಿರ್ಭಯವಾಗಿ ಮಾತನಾಡುವ ದಾರಿ ತೋರಿಸದಿದ್ದರೆ ಕೊಟ್ಟದ್ದು ಅರ್ಧವೇ.

ಈ ವಿದ್ಯೆಗಾಗಿ ಹೊರದೇಶಕ್ಕೆ ಓಡಬೇಕಿಲ್ಲ. ಮಾತು ತಿದ್ದುವ ತಜ್ಞರನ್ನು ತಯಾರು ಮಾಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲೇ ಇದೆ. ಆದ್ದರಿಂದ ಕೇಳಬೇಕಾದ್ದು ಸ್ಪಷ್ಟ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ದಿನವಾದರೂ ಈ ತರಬೇತಿ ಪುಕ್ಕಟೆಯಾಗಿ ಸಿಗಬೇಕು. ನಮ್ಮ ನಿಮ್ಮ ಸಂಬಳದಿಂದ ಹಣ ಕಡಿದುಕೊಳ್ಳುವ ಇ.ಎಸ್.ಐ. ಆಸ್ಪತ್ರೆಯಲ್ಲೂ ಸಿಗಬೇಕು. ಮಗ್ಗದ ಸದ್ದಿನ ನಡುವೆ ಕೂಗಿ ಗಂಟಲು ಕೆಡಿಸಿಕೊಂಡ ಕಾರ್ಮಿಕನಿಗೂ, ತರಕಾರಿ ಕೂಗಿ ಮಾರುವವಳಿಗೂ ಅದೇ ತಜ್ಞರು ನೆರವಾಗುತ್ತಾರೆಂಬುದನ್ನು ಮರೆಯಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ತರಬೇತಿ ಬೇಕೆಂದವರಿಗೆ ಸಿಗಲಿ. ಬೇಡವೆಂದವರ ಮೇಲೆ ಹೇರಬಾರದು. ತನ್ನ ದನಿಯಲ್ಲೇ ನೆಮ್ಮದಿಯಾಗಿರುವವರಿದ್ದಾರೆ. ಎರಡರ ನಡುವಿನ ದನಿಯೇ ತಮ್ಮದು ಎನ್ನುವವರೂ ಇದ್ದಾರೆ. ಮಂಜಮ್ಮ ಜೋಗತಿಯವರು ಹಾಡಿ ಕುಣಿದೇ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಮುಂದೆ ದನಿಯ ಅಳತೆಗೋಲು ಹಿಡಿಯುವ ಧೈರ್ಯ ಯಾರಿಗಿದೆ? ‘ಮೊದಲು ಹೆಣ್ಣಿನ ದನಿ ತಂದುಕೋ, ಆಮೇಲೆ ಮರ್ಯಾದೆ’ ಎನ್ನುವುದು ಜಾತಿ ಕೇಳಿ ನೀರು ಕೊಡುವವರ ಮಾತಿಗಿಂತ ಬೇರೆಯಲ್ಲ.

ಆಸ್ಪತ್ರೆ ಬರಲು ತಡವಾದೀತು. ಅಲ್ಲಿಯವರೆಗೆ ನಮ್ಮಿಂದ ಆಗುವ ಕೆಲಸವಿದೆ, ಅದಕ್ಕೆ ಯಾವ ಅನುದಾನವೂ ಬೇಡ. ವರ್ತಕರೇ, ಗಡಸು ದನಿಯಲ್ಲಿ ಸಕ್ಕರೆ ಕೇಳಿದಾಕೆಗೆ ‘ಬನ್ನಿ ಅಮ್ಮ’ ಎಂದು ತೂಗಿ ಕೊಡಿ. ಮಿಲ್ಲಿನ ಗೆಳೆಯರೇ, ಪಕ್ಕದ ಪಾಳಿಯಲ್ಲಿ ಅಂಥವರೊಬ್ಬರು ಬಂದರೆ ಅಣಕಿಸುವವನ ಬಾಯಿ ಮುಚ್ಚಿಸಿ. ಬಾಯಿ ಮುಚ್ಚಬೇಕಾದವನು ಅವನು, ಅವರಲ್ಲ.