ಆತ್ಮವಿಶ್ವಾಸಕ್ಕೂ ಮನೆಪಾಠವೇ?

ಈ ಸಲದ ಯುಗಾದಿ ಊಟದ ಪಂಕ್ತಿಯಲ್ಲಿ ಹೋಳಿಗೆಗಿಂತ ಹೆಚ್ಚು ಹಂಚಿಕೆಯಾದದ್ದು ಟ್ಯೂಷನ್ನಿನ ಮಾತು. "ವರ್ಬಲ್ ರೀಸನಿಂಗ್ ಶುರು ಮಾಡಿಸಿದಿರಾ?" "ನಿಮ್ಮ ಟ್ಯೂಟರ್ ನಂಬರ್ ಕೊಡ್ತೀರಾ?" ಇವು ಏಳೆಂಟು ವರ್ಷದ ಮಕ್ಕಳ ತಂದೆತಾಯಿಗಳ ಪ್ರಶ್ನೆಗಳು. ಇಂಗ್ಲೆಂಡಿನಲ್ಲೇ ಹುಟ್ಟಿದ ಮಕ್ಕಳಿಗೆ ಇಂಗ್ಲಿಷಿನ ಮನೆಪಾಠವೇಕೆಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಆತ್ಮವಿಶ್ವಾಸ ಬೆಳೆಯಲೆಂದು.

ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ನಿಜವಾದ ಕಾರಣ ಇಲೆವೆನ್ ಪ್ಲಸ್. 1944ರ ಶಿಕ್ಷಣ ಕಾಯಿದೆಯ ಬಳಿಕ ಎಲ್ಲೆಡೆ ಹಬ್ಬಿದ್ದ ಈ ಪರೀಕ್ಷೆ ಬಹುಪಾಲು ಕಡೆ ಮರೆಯಾಗಿದೆ. ಆದರೂ ಇಂಗ್ಲೆಂಡಿನಲ್ಲಿ ಉಳಿದಿರುವ 163 ಗ್ರಾಮರ್ ಶಾಲೆಗಳ ಬಾಗಿಲು ತೆರೆಯುವುದು ಅಂಥ ಪರೀಕ್ಷೆಯಿಂದಲೇ. ಕೆಂಟ್, ಬಕಿಂಗ್‌ಹ್ಯಾಮ್‌ಷೈರ್‌ಗಳಲ್ಲಿ ಮನೆ ಹುಡುಕುವಾಗಲೇ ನಮ್ಮವರು ಶಾಲೆಯ ಲೆಕ್ಕ ಹಾಕಿರುತ್ತಾರೆ. ಸೀಟು ಬಯಸುವುದು ತಪ್ಪಲ್ಲ. ಸಿಇಟಿ ಬರೆದು ಬಂದ ನಾವು ಅದನ್ನು ಹಳಿಯುವುದಾದರೂ ಹೇಗೆ? ಆದರೆ ಸೀಟಿನ ಆಸೆಗೆ ಆತ್ಮವಿಶ್ವಾಸವೆಂದು ಹೆಸರಿಡುವುದು ಮಗುವಿಗೆ ಬಗೆಯುವ ವಂಚನೆ.

ಟ್ಯೂಷನ್ ಇರುವ ಸಂಜೆಗಳಲ್ಲಿ ಮಾತ್ರ ಹೊಟ್ಟೆನೋವು ಬರುವ ಮಕ್ಕಳ ಕಥೆ ವೈದ್ಯರಿಗೆ ಹೊಸದಲ್ಲ. ಹೊಟ್ಟೆಯಲ್ಲಿ ದೋಷ ಕಾಣದಿದ್ದರೂ ನೋವು ನಿಜ. ಮಕ್ಕಳ ಆತಂಕ ಅನೇಕ ಸಲ ಹೊಟ್ಟೆಯ ಮೂಲಕವೇ ಮಾತನಾಡುತ್ತದೆ.

ಪರರ ಮನೆಯ ಮಾತೇಕೆ? ನಮ್ಮ ಮಗಳನ್ನೇ ಒಂದೂವರೆ ವರ್ಷ, ವಾರಕ್ಕೆ ಎರಡು ಸಂಜೆ ಕಳುಹಿಸಿದೆವು. ಪಾಠ ಹೇಳುವವರು ಸಜ್ಜನರೇ. ನೂರಾರು ಕಠಿಣ ಪದಗಳು ಅವಳಿಗೆ ಬಾಯಿಪಾಠವಾದವು, ಪ್ರಬಂಧಗಳ ತುಂಬ ವಿಶೇಷಣಗಳು ತುಂಬಿಕೊಂಡವು, ಪುಟಗಳ ಅಂಚಿನಲ್ಲಿ ಕೆಂಪು ಗೆರೆಗಳೂ. ಒಂದು ದಿನ ದಾವಣಗೆರೆಯಿಂದ ಅಜ್ಜಿ ಫೋನಿನಲ್ಲಿ "ಊಟ ಮಾಡಿದ್ಯೇನವ್ವಾ?" ಎಂದು ಕೇಳಿದರು. ಮಗಳು ಫೋನನ್ನು ಅಂಗೈಯಿಂದ ಮುಚ್ಚಿ, ನಮ್ಮತ್ತ ತಿರುಗಿ ಪಿಸುದನಿಯಲ್ಲಿ ಕೇಳಿದಳು: "ಇದಕ್ಕೆ ಸರಿಯಾದ ಉತ್ತರ ಯಾವುದು?"

ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾವು ಎಂಬಿಬಿಎಸ್ ಮೊದಲ ವರ್ಷ ಫಿಸಿಯಾಲಜಿ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಾರದೆ ಕುಳಿತಿದ್ದೆವು. ನಾಲಿಗೆ ಸಡಿಲವಾದದ್ದು ಹಾಸ್ಟೆಲ್ಲಿನ ಕೋಣೆಯಲ್ಲಿ, ನಮ್ಮಂತೆಯೇ ಹರಕು ಇಂಗ್ಲಿಷ್ ಆಡುತ್ತಿದ್ದ ಗೆಳೆಯರ ನಡುವೆ. ಅಲ್ಲಿ ತಪ್ಪಿಗೆ ನಗೆಯಿತ್ತು, ಅಂಕ ಕಡಿತವಿರಲಿಲ್ಲ. ಮುಂದೆ ಪ್ಲ್ಯಾಬ್ ಪರೀಕ್ಷೆ ದಾಟಿಸಿದ್ದೂ, ಇಂದು ರೋಗಿಯ ಕೈ ಹಿಡಿದು ಕೆಟ್ಟ ಸುದ್ದಿ ಹೇಳುವ ಧೈರ್ಯ ಕೊಟ್ಟದ್ದೂ ಆ ಕೋಣೆಯೇ.

ನಮ್ಮ ಭಾನುವಾರದ ಕನ್ನಡ ತರಗತಿ ಅಂಥದೇ ಕೋಣೆ. ಈಗ ಅಣಕು ಪರೀಕ್ಷೆಗಳ ದೆಸೆಯಿಂದ ಅರ್ಧ ಖಾಲಿ. ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಭಾಷೆಗಳಿಗೆ ಜಿಸಿಎಸ್‌ಇ ಇದೆ, ಕನ್ನಡಕ್ಕಿಲ್ಲ, ಕಲಿತರೇನು ಲಾಭವೆಂದು ಕೆಲವರ ಆಕ್ಷೇಪ. ಪರೀಕ್ಷೆ ಇಲ್ಲದಿರುವುದೇ ಆ ತರಗತಿಯ ಭಾಗ್ಯವೆಂದು ನಮ್ಮ ವಾದ. ಇನ್ನು, ಇಂಗ್ಲಿಷ್ ಕೆಟ್ಟೀತೆಂದು ಮನೆಯಲ್ಲಿ ಕನ್ನಡ ನಿಲ್ಲಿಸಿದವರಿಗೆ ಒಂದು ಮಾತು: ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಗುವಿನ ಮಾತು ಕುಂಠಿತವಾಗದು. ಇಲ್ಲಿನ ವಾಕ್ ಚಿಕಿತ್ಸಕರೂ ಮನೆಮಾತನ್ನು ಬಿಡಬೇಡಿರೆಂದೇ ಹೇಳುತ್ತಾರೆ.

ಡಿಸ್ಲೆಕ್ಸಿಯಾದಿಂದ ಓದಲು ತೊಡಕಾಗುವ ಮಗುವಿಗೆ, ಊರಿನಿಂದ ಆಗಷ್ಟೇ ಬಂದು ಶಾಲೆ ಸೇರಿದ ಮಗುವಿಗೆ ನೆರವು ಬೇಕೇ ಬೇಕು. ಅವರ ಟ್ಯೂಷನ್ನಿನ ಬಗ್ಗೆ ನಮ್ಮ ತಕರಾರಿಲ್ಲ.

ನಮ್ಮ ಮಗಳೂ ಪರೀಕ್ಷೆ ಬರೆಯುವವಳೇ. ಆದರೆ ಎರಡು ಸಂಜೆಗಳಲ್ಲಿ ಒಂದನ್ನು ಬಿಡಿಸಿದ್ದೇವೆ, ಭಾನುವಾರದ ತರಗತಿಯನ್ನು ತಪ್ಪಿಸುವುದಿಲ್ಲ. ಮೊನ್ನೆ ಅಜ್ಜಿಗೆ ಫೋನಿನಲ್ಲಿ "ನಾಳೆ ನಾನು ಈಜೋಕೆ ಹೋಗಿದ್ದೆ" ಎಂದಳು. ಅಜ್ಜಿ ಗಟ್ಟಿಯಾಗಿ ನಕ್ಕರು. ಅವಳೂ ನಕ್ಕು, ಈಜುಕೊಳದ ಕಥೆಯನ್ನು ಮುಂದುವರಿಸಿದಳು.