ಹಗುರ ಲ್ಯಾಪ್‌ಟಾಪ್ ಯಾರಿಗೆ ಬೇಕು, ಯಾರಿಗೆ ಬ್ಯಾಡ

ಹಗುರ ಲ್ಯಾಪ್‌ಟಾಪ್ ಅಂದ್ರ ಬರೇ ಶೋಕಿ, ರೊಕ್ಕ ಹೆಚ್ಚಾದವರು ತೊಗೊಳ್ಳೋದು ಅನ್ನೋರು ನಮ್ಮ ಬಳಗದಾಗ ಭಾಳ ಮಂದಿ ಇದ್ದಾರ. ಹಂಗ ಅನ್ನೋರನ್ನ ಒಂಚೂರು ಲಕ್ಷ್ಯ ಕೊಟ್ಟು ನೋಡ್ರಿ. ಅವರೊಳಗ ಒಬ್ಬರೂ ಅದನ್ನ ಹೆಗಲಿಗೆ ಹಾಕ್ಕೊಂಡು ಬಸ್ ಹತ್ತೋರಲ್ಲ. ಟೇಬಲ್ ಮ್ಯಾಲೆ ಇಟ್ಟು, ಕುರ್ಚಿ ಮ್ಯಾಲೆ ಕೂತು ಕೆಲಸ ಮಾಡೋರು. ಅವರಿಗೆ ಒಂದು ಕಿಲೊ ಏನು, ಮೂರು ಕಿಲೊ ಏನು, ಎರಡೂ ಒಂದ.

ಈ ಮಾತು ಈಗ ಯಾಕ ಬಂತಂದ್ರ, ನಮ್ಮ ನೆಗೆಣ್ಣಿ ಮಗಳಿಗೆ ಲ್ಯಾಪ್‌ಟಾಪ್ ತರೋದದ. ಹುಡುಗಿ ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕ ಕಾಲೇಜಿಗೆ ಹೋಗ್ತಾಳ. ಆಕಿಗೆ ಹಗುರದ್ದು ಬೇಕು. ನಮ್ಮ ಮೈದುನರು "ಅಷ್ಟ ರೊಕ್ಕದಾಗ ದೊಡ್ಡ ಸ್ಕ್ರೀನಿಂದು, ಇದಕ್ಕಿಂತ ಸ್ಪೀಡ್ ಇರೋದು ಬರ್ತದ, ಹಪ್ಪಳದಂಥಾದ್ದು ಯಾಕ" ಅಂತ ಹಟಾ ಹಿಡದಾರ. ನೆಗೆಣ್ಣಿ ನನ್ನ ಕಡೆ ಬಂದು "ಅಕ್ಕಾ, ನೀವರೆ ಏನರೆ ಹೇಳ್ರಿ" ಅಂದ್ಲು. ನಾ ಕಲ್ತದ್ದು ಪಿಯುಸಿ, ಕಂಪ್ಯೂಟರಿನ ಹೊಟ್ಟಿಯೊಳಗಿಂದು ನನಗೇನು ಗೊತ್ತು ಅಂತ ನೀವು ನಗಬಹುದು. ಆದ್ರ ಮೂವತ್ತು ವರ್ಷ ಸಂತಿಯಿಂದ ಚೀಲ ಹೊತ್ತು ತಂದಾಕಿ ನಾ. ತೂಕ ಅಂದ್ರ ಏನು ಅನ್ನೋದು ನನಗ ಗೊತ್ತದ.

ನಮ್ಮನ್ಯಾಗ ಎರಡೂ ಥರದ್ದು ಅವ. ಮಗಂದು ದೊಡ್ಡದು, ಸೊಸಿದು ಹಗುರದ್ದು. ಎರಡನ್ನೂ ಅಡಗಿಮನಿ ತಕ್ಕಡಿ ಮ್ಯಾಲೆ ಇಟ್ಟು ನೋಡೇನಿ. ಮಗಂದು ಎರಡೂಕಾಲು ಕಿಲೊ, ಅದರ ಚಾರ್ಜರ್ ಇಟ್ಟಂಗಿಯಂಥಾದ್ದು, ಅದೊಂದ ಅರ್ಧ ಕಿಲೊ ಮ್ಯಾಲೆ. ಸೊಸಿದು ಒಂದೂಕಾಲು ಕಿಲೊ, ಚಾರ್ಜರ್ ಫೋನಿನ ಚಾರ್ಜರಿಗಿಂತ ಒಂಚೂರು ದೊಡ್ಡದಷ್ಟ. ಅಂಗಡಿಯವರು ಹೇಳೋ ತೂಕದಾಗ ಚಾರ್ಜರ್ ಲೆಕ್ಕಕ್ಕಿರೂದಿಲ್ಲ, ಇದನ್ನ ನೆನಪಿಡ್ರಿ. ಇನ್ನ ಹುಡುಗಿ ಚೀಲದಾಗ ಒಂದು ಲೀಟರ್ ನೀರಂದ್ರ ಒಂದು ಕಿಲೊ, ಊಟದ ಡಬ್ಬಿ ಮುಕ್ಕಾಲು ಕಿಲೊ, ಪುಸ್ತಕ, ಛತ್ರಿ, ಎಲ್ಲಾ ಕೂಡಿಸಿ ನೋಡ್ರಿ. ಚಿಗರಿ ಬಸ್ ಚಲೋನ ಅದ, 2018ರಿಂದ ಓಡ್ಲಿಕತ್ತದ, ಎಸಿ ಅದ. ಆದ್ರ ಮುಂಜಾನೆ ಕಾಲೇಜಿನ ಹೊತ್ತಿಗೆ ಸೀಟ್ ಸಿಗೂದು ದೇವರ ಕೈಯಾಗ. ಇಪ್ಪತ್ತು ಕಿಲೋಮೀಟರ್ ಮ್ಯಾಲೆ ದಾರಿ, ಒಂದು ಕೈ ಮ್ಯಾಲಿನ ಹಿಡಿಕಿಗೆ, ಚೀಲ ಬೆನ್ನಿಗೆ. ಸಂಜಿಕೆ ಮತ್ತ ಹಂಗ. ಒಂದೂವರಿ ಕಿಲೊ ಕಮ್ಮಿ ಆದ್ರ ಆ ಬೆನ್ನಿಗೆ ಎಷ್ಟು ಸಮಾಧಾನ ಅನ್ನೋದು ಮೈದುನರ ಸ್ಪೀಡಿನ ಲೆಕ್ಕದಾಗ ಬರೂದಿಲ್ಲ.

ಮದ್ಲ ಹೊತ್ಕೊಂಡು ಹೋಗೋ ಕಂಪ್ಯೂಟರ್ ಅಂತ ಒಂದು ಬಂದಿತ್ತಂತ, 1981ರಾಗ, ಆಸ್ಬೋರ್ನ್ ಅಂತ ಹೆಸರು. ಸುಮಾರು ಹನ್ನೊಂದು ಕಿಲೊ! ನಮ್ಮತ್ತಿಯವರ ಒರಳಕಲ್ಲಿಗೆ ಹಿಡಿಕಿ ಹಚ್ಚಿಧಂಗ. ಆಮ್ಯಾಲೆ 2008ರಾಗ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ವೇದಿಕಿ ಮ್ಯಾಲೆ ಕಾಗದದ ಲಕೋಟಿಯೊಳಗಿಂದ ಮ್ಯಾಕ್‌ಬುಕ್ ಏರ್ ತಗದು ತೋರಿಸಿದ್ರು. ಅಲ್ಲಿಂದ ಎಲ್ಲಾ ಕಂಪನಿಯವರೂ ತೆಳ್ಳಗ ಮಾಡೋದಕ್ಕ ಬೆನ್ನ ಹತ್ತಿದ್ರು.

ಆದ್ರ ಅಕ್ಕಾರ, ತೂಕ ಹೆಂಗ ಇಳಸ್ತಾರ ಅನ್ನೋದೂ ಕೇಳ್ಬೇಕಲ್ಲ? ಅದರೊಳಗಿಂದ ಒಂದೊಂದ ಸಾಮಾನು ತಗದು. ಸಿಡಿ ಹಾಕೋ ಖಾನೆ ಮದ್ಲ ಹೋತು. ಇಂಟರ್ನೆಟ್ ವೈರ್ ಚುಚ್ಚೋ ತೂತು ಹೋತು. ಕೆಲವದರಾಗ ಹಳೇ ಪೆನ್ ಡ್ರೈವ್ ಹಾಕೋ ಜಾಗಾನೂ ಇಲ್ಲ, ಬರೇ ಟೈಪ್-ಸಿ ಅಂತ ಎರಡು ಸಣ್ಣ ತೂತು. ಕಾಲೇಜಿನ ಪ್ರೊಜೆಕ್ಟರಿಗೆ ಹಚ್ಚಬೇಕಂದ್ರ ಬ್ಯಾರೆ ಒಂದು ಜೋಡಣಿ ತರಬೇಕು, ಅದಕ್ಕ ಬ್ಯಾರೆ ರೊಕ್ಕ, ಅದನ್ನ ಮರೆತು ಹೋಗೋದು ಬ್ಯಾರೆ. ಕೆಲವದಕ್ಕ ಫ್ಯಾನ್ ಸುದ್ಧಾ ಇರೂದಿಲ್ಲ. ಸಪ್ಪಳ ಇಲ್ಲ, ಅದು ಚಲೋ. ಆದ್ರ ಭಾಳ ಹೊತ್ತು ಭಾರಿ ಕೆಲಸ ಹಚ್ಚಿದ್ರ ಕಾಯ್ತದ, ಕಾದ್ರ ತಾನ ನಿಧಾನ ಆಗ್ತದ.

ಎಲ್ಲಾಕ್ಕಿಂತ ದೊಡ್ಡ ತಂಟೆ ರಿಪೇರಿದು. ದೊಡ್ಡದರಾಗ ರ‍್ಯಾಮ್ ಸಾಲದಿದ್ರ ಎರಡು ವರ್ಷ ಬಿಟ್ಟು ಇನ್ನೊಂದು ಚುಚ್ಚಿಸಬಹುದು. ಹಗುರದ್ದರಾಗ ಬಹಳಷ್ಟಕ್ಕ ಬೋರ್ಡಿಗೇ ಬೆಸಗಿ ಹಾಕಿರ್ತಾರ, ತಂದಷ್ಟ ಕಡೀತನಕ. ಕೆಲವದರಾಗ ಬ್ಯಾಟರಿನೂ ಅಂಟಿಸಿರ್ತಾರ. ಹಂಗಾಗಿ ಅಗ್ಗದ್ದು ಸಿಕ್ತು ಅಂತ 4 ಜಿಬಿ ರ‍್ಯಾಮಿನ ಹಗುರ ಲ್ಯಾಪ್‌ಟಾಪ್ ತಂದೀರಿ ಅಂದ್ರ ಮುಗೀತು. ಅದು ಹಗುರ ಇರೂದು ಒಳಗ ಏನೂ ಇಲ್ಲದ್ದಕ್ಕ. ಹುಡುಗಿಗೆ ನಾ ಹೇಳಿದ್ದು ಇಷ್ಟ: ಹಗುರದ್ದ ತೊಗೊ, ಆದ್ರ 16 ಜಿಬಿ ಇರೋದು ತೊಗೊ, ಬೇಕಾದ್ರ ಆರು ತಿಂಗಳು ತಡದು ತೊಗೊ. ಅಲ್ಲೀತನಕ ಕಾಲೇಜಿನ ಲ್ಯಾಬ್ ಅದ. ದೊಡ್ಡ ಚಿತ್ರಾ ಕೊರಿಯೋದು, ವಿಡಿಯೊ ಕತ್ತರಸೋದು ಅದರ ಓದಿನೊಳಗ ಇದ್ದಿದ್ರ ನಾನೂ ಮೈದುನರ ಕಡೇನ ಮಾತಾಡ್ತಿದ್ದೆ. ಆಕಿ ಓದೋದು ಕಾಮರ್ಸ್. ಲೆಕ್ಕಾ ಬರಿಯೋದಕ್ಕ ಅಷ್ಟು ಸ್ಪೀಡ್ ಯಾಕ ಬೇಕು?

ನಮ್ಮಂಥವರಿಗೆ ಮಾತ್ರ ಹಗುರದ್ದು ಬ್ಯಾಡ, ಇದನ್ನ ಖಡಾಖಂಡಿತ ಹೇಳ್ತೇನಿ. ಮನಿ ಬಿಟ್ಟು ಅದು ಎಲ್ಲೂ ಹೋಗೋದಿಲ್ಲ. ಹದಿಮೂರು ಇಂಚಿನ ಸ್ಕ್ರೀನ್ ನೋಡ್ಲಿಕ್ಕೆ ಚಷ್ಮಾ ಏರಿಸಿ, ಕುತ್ತಿಗಿ ಬಗ್ಗಿಸಿ, ಕಡೀಕೆ ಕುತ್ತಿಗಿಗೆ ಎಣ್ಣಿ ತಿಕ್ಕೊಂಡು ಕೂಡೋದು ಯಾರಿಗೆ ಬೇಕು. ಮಕ್ಕಳು ಅಮೆರಿಕಾದಿಂದ ಫೋನ್ ಮಾಡಿದಾಗ ಮೊಮ್ಮಗನ ಮಾರಿ ದೊಡ್ಡದಾಗಿ ಕಾಣಬೇಕು. ಹದಿನೈದು ಇಂಚಿಂದು, ಸಾದಾದ್ದು, ಟೇಬಲ್ ಮ್ಯಾಲೆ ಇರ್ಲಿ.

ಇನ್ನ ಒಂದು ಮಾತು ಉಳೀತು, ಇದನ್ನ ಯಾವ ಅಂಗಡಿಯವರೂ ಹೇಳೂದಿಲ್ಲ. ಭಾರ ಇರೋ ಯಂತ್ರ ಒಂದು ಕಡೆ ಕೂಡ್ತದ. ಹಗುರದ್ದು ಮನಿ ತುಂಬ ಓಡಾಡ್ತದ, ಅದರ ಬೆನ್ನಿಗೆ ಕೆಲಸಾನೂ ಓಡಾಡ್ತದ. ಮಗ ಮೀಟಿಂಗ್ ಇದ್ರ ಖೋಲಿ ಬಾಗಲಾ ಹಾಕ್ಕೋತಾನ, ಯಾಕಂದ್ರ ಅವನ ಗಡಗಿಯಂಥಾ ಲ್ಯಾಪ್‌ಟಾಪ್ ಅಲ್ಲಿಂದ ಏಳೂದಿಲ್ಲ. ಸೊಸಿ ಮೀಟಿಂಗ್ ಇದ್ರ ಒಂದು ಕೈಯಾಗ ಲ್ಯಾಪ್‌ಟಾಪ್ ಹಿಡಕೊಂಡು ಅಡಗಿಮನಿಗೆ ಬರ್ತಾಳ. ಕಟ್ಟಿ ಮ್ಯಾಲೆ ಅದನ್ನ ತಗದಿಟ್ಟು, ಕಿವಿಯಾಗ ಅದೇನೊ ಚುಚ್ಚಿಕೊಂಡು, ಆಫೀಸಿನವರಿಗೆ ಹೂಂ ಹೂಂ ಅನಕೋತ ಚಪಾತಿ ಲಟ್ಟಿಸ್ತಾಳ. ಬಾಜೂಕ ಸಾರು ಕುದೀತಿರ್ತದ. ಒಂದು ಸೌಟು ಸಾರು ಆ ಕೀಲಿಮಣಿ ಮ್ಯಾಲೆ ಬಿದ್ರ ಬರೇ ಕೀಲಿಮಣಿ ಹೋಗೂದಿಲ್ಲ, ಬೋರ್ಡಿಗೂ ಇಳೀತದ, ಹೊಸಾದ್ದು ತರೋವಷ್ಟು ಖರ್ಚು. ಅದು ಒಂದು ಕಡೆ ಇರ್ಲಿ. ಅಕಿನ್ನ ನೋಡಿದವರು "ಎಷ್ಟು ಅನುಕೂಲ ಅಲ್ಲ, ಎಲ್ಲೆ ಬೇಕಾದ್ರೂ ಕೂತು ಕೆಲಸ ಮಾಡಬಹುದು" ಅಂತಾರ. ಅಕಿ ಕೂತದ್ದನ್ನ ನಾ ಇನ್ನೂ ನೋಡಿಲ್ಲ.

ಹಂಗಾಗಿ ನಮ್ಮನ್ಯಾಗ ಈಗ ಎರಡು ತಿಂಗಳಾತು, ಅಡಗಿ ಕಟ್ಟಿ ಮ್ಯಾಲೆ ಲ್ಯಾಪ್‌ಟಾಪ್ ಇಡೋ ಹಂಗಿಲ್ಲ ಅಂತ ಮಾಡೇನಿ. ಸೊಸಿ ಮೊದಲ ದಿನ ನನ್ನ ಮ್ಯಾಲೆ ಸಿಟ್ಟಾದ್ಲು, ಅತ್ತಿ ಹೊಸಾ ಕಾನೂನು ತಂದ್ರು ಅಂತ. ಕಾನೂನು ಅಕಿಗಲ್ಲ, ಮಗಗ ಅಂತ ಸಂಜಿಕೆ ತಿಳೀತು. ಅಕಿದು ಏಳರ ಮೀಟಿಂಗ್ ಇದ್ದ ದಿನ ಅಕಿ ಖೋಲಿ ಬಾಗಲಾ ಹಾಕ್ಕೋತಾಳ, ಕುಕ್ಕರ್ ಇಡೋದು ಅವಂದು. ನೀರು ಹೆಚ್ಚಾಗಿ ಅನ್ನಾ ಮುದ್ದಿ ಆಗ್ತದ ಒಮ್ಮೊಮ್ಮೆ. ಮಸರು ಹಾಕ್ಕೊಂಡು ಉಣ್ತೇವಿ.